ಇದ್ದತ್ ಮುಗಿದ ಮೇಲೂ ಉಳಿಯುವ ಹೊಣೆ

“ಮಹ್ರ್ ಕೊಟ್ಟಾಯಿತು, ಇದ್ದತ್‌ನ ಮೂರು ತಿಂಗಳ ಖರ್ಚೂ ಕೊಟ್ಟಾಯಿತು. ಇನ್ನು ಲೆಕ್ಕ ಚುಕ್ತಾ.” ತಲಾಖ್ ನೀಡಿದ ಅನೇಕರ ನಂಬಿಕೆ ಇದು. ನ್ಯಾಯಾಲಯದಲ್ಲಿ ಈ ವಾದ ನಿಲ್ಲುವುದಿಲ್ಲ.

ಬೆಂಗಳೂರಿನ ಒಂದು ಮೊಕದ್ದಮೆಯನ್ನೇ ನೋಡಿ. 1991ರಲ್ಲಿ ಒಬ್ಬರು 5,000 ರೂಪಾಯಿ ಮಹ್ರ್ ಕೊಟ್ಟು ಪತ್ನಿಗೆ ತಲಾಖ್ ನೀಡಿದರು. ಆಕೆ ಕೌಟುಂಬಿಕ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ತಿಂಗಳಿಗೆ 3,000 ರೂಪಾಯಿ ಜೀವನಾಂಶ ಕೊಡುವಂತೆ ಆದೇಶವಾಯಿತು. ತಾನು ಮತ್ತೆ ಮದುವೆಯಾಗಿದ್ದೇನೆ, ಮಗುವಿದೆ ಎಂದು ಮಾಜಿ ಪತಿ ಹೈಕೋರ್ಟಿಗೆ ಮೊರೆಯಿಟ್ಟರು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿ, 25,000 ರೂಪಾಯಿ ವೆಚ್ಚವನ್ನೂ ವಿಧಿಸಿತು. ನಿಕಾಹ್ ಒಂದು ಕರಾರು ನಿಜ, ಆದರೆ ಅದರಿಂದ ಹುಟ್ಟಿದ ಹೊಣೆಗಳೆಲ್ಲ ತಲಾಖ್‌ನೊಂದಿಗೆ ಅಳಿದುಹೋಗುವುದಿಲ್ಲ ಎಂಬುದು ತೀರ್ಪಿನ ಸಾರ.

1985ರ ಶಾಬಾನು ತೀರ್ಪಿನ ನಂತರ ಬಂದ 1986ರ ಕಾಯ್ದೆ ಇದ್ದತ್ ಅವಧಿಯೊಳಗೆ ‘ನ್ಯಾಯೋಚಿತ’ ಏರ್ಪಾಡು ಮಾಡಬೇಕೆಂದಿತು. ಇದನ್ನು ಇದ್ದತ್‌ಗೆ ಮಾತ್ರ ಸಾಕಾಗುವಷ್ಟು ಎಂದು ಹಲವರು ಓದಿಕೊಂಡರು. ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ, 2001ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿ ಹೇಳಿತು: ಇದ್ದತ್ ಎಂಬುದು ಕೊಡಲು ಇರುವ ಗಡುವು, ಕೊಡುವ ಮೊತ್ತ ಆಕೆಯ ಮುಂದಿನ ಬದುಕನ್ನೂ ನೋಡಿಕೊಳ್ಳುವಂತಿರಬೇಕು. ವಿಚ್ಛೇದಿತೆಯರಿಗೆ ನ್ಯಾಯಯುತವಾಗಿ ನೀಡಬೇಕೆನ್ನುವ ಅಲ್‌ಬಕರ ಅಧ್ಯಾಯದ 241ನೇ ವಚನ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಎಲ್ಲ ಧರ್ಮದ ಮಹಿಳೆಯರಿಗೂ ಇರುವ ಸಾಮಾನ್ಯ ಜೀವನಾಂಶದ ಕಾನೂನು ವಿಚ್ಛೇದಿತ ಮುಸ್ಲಿಮ್ ಮಹಿಳೆಗೂ ಲಭ್ಯ ಎಂದು 2024ರ ಜುಲೈನಲ್ಲಿ ಅದೇ ನ್ಯಾಯಾಲಯ ಮತ್ತೆ ಸ್ಪಷ್ಟಪಡಿಸಿತು.

ಮೊತ್ತಕ್ಕೆ ಸಿದ್ಧ ಲೆಕ್ಕವಿಲ್ಲ. 2020ರ ರಜನೀಶ್–ನೇಹಾ ತೀರ್ಪಿನಂತೆ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಎಳೆದಾಡಿದಷ್ಟೂ ಬಾಕಿ ಬೆಳೆಯುತ್ತದೆ.

ಮಕ್ಕಳ ವಿಷಯ ಬೇರೆ. ಹನಫಿ ಮದ್‌ಹಬ್‌ನಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರಬೇಕು. ಕರಾವಳಿಯಲ್ಲಿ ಹೆಚ್ಚಿರುವ ಶಾಫಿಗಳಲ್ಲಿ ತಿಳಿವಳಿಕೆ ಬಂದ ಮಗುವಿಗೆ ಆಯ್ಕೆಯ ಅವಕಾಶವಿದೆ. ನ್ಯಾಯಾಧೀಶರು ಇದನ್ನು ಗಮನಿಸುತ್ತಾರೆ, ಆದರೆ ಮುಖ್ಯವಾಗಿ ನೋಡುವುದು 1890ರ ಪೋಷಕರ ಕಾಯ್ದೆ ಹೇಳುವ ಮಗುವಿನ ಹಿತವನ್ನು. ಓದು, ಆರೋಗ್ಯ, ಇದುವರೆಗೆ ಯಾರು ನೋಡಿಕೊಂಡರು ಎಂಬುದನ್ನು ವಿಚಾರಿಸುತ್ತಾರೆ. ಬುದ್ಧಿ ಬಂದ ಮಗುವಾದರೆ ಅದರ ಮಾತನ್ನೂ ಕೇಳುತ್ತಾರೆ. “ಮಗುವನ್ನು ನನಗೆ ಕೊಟ್ಟರೆ ಮಾತ್ರ ಖರ್ಚು ಕೊಡುತ್ತೇನೆ” ಎಂಬ ಹಟಕ್ಕೆ ಶರೀಅತ್‌ನಲ್ಲೂ ಜಾಗವಿಲ್ಲ, ಕೋರ್ಟಿನಲ್ಲೂ ಇಲ್ಲ. ಮಗು ತಾಯಿಯ ಬಳಿ ಇದ್ದರೂ ಖರ್ಚು ತಂದೆಯದೇ.

ಇನ್ನು ತಲಾಖ್ ಆಗಿದೆಯೇ ಎಂಬುದೇ ವಿವಾದವಾದರೆ? ಸಕಾರಣವಿರಬೇಕು, ಮೊದಲು ಎರಡೂ ಕಡೆಯವರಿಂದ ಸಂಧಾನದ ಯತ್ನ ನಡೆದಿರಬೇಕು ಎಂದು 2002ರ ಶಮೀಮ್ ಆರಾ ತೀರ್ಪು ಹೇಳಿದೆ. ಒಂದೇ ಉಸಿರಿನ ಮೂರು ತಲಾಖ್ 2017ರಲ್ಲಿ ರದ್ದಾಗಿ, 2019ರಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧವಾಗಿದೆ. ಹೀಗಾಗಿ ಜಮಾಅತ್‌ಗಳು ಸಂಧಾನದ ದಿನಾಂಕ, ಬಂದವರು, ಕೊಟ್ಟ ಮಹ್ರ್ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ವಕೀಲರ ಫೀಸಿಗೆ ಹೆದರಿ ಮನೆಯಲ್ಲೇ ಕುಳಿತ ಸಹೋದರಿಯರಿಗೆ ಒಂದು ಮಾತು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ನಿಕಾಹ್‌ನಾಮ, ಮಕ್ಕಳ ಜನನ ಪತ್ರ, ಪತಿಯ ಸಂಪಾದನೆಗೆ ಸಿಕ್ಕಷ್ಟು ದಾಖಲೆ ಹಿಡಿದು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.