ಪಿಕಪ್‌ಗೆ ಹೆವಿ ಕ್ಲಚ್ ನಿಜಕ್ಕೂ ಬೇಕಾ?

ಟೊಮೆಟೊ ಸೀಸನ್‌ಗೆ ಅಂತ ನಮ್ಮ ಪಿಕಪ್‌ಗೆ ಎರಡು ಪಟ್ಟಿ ಹೆಚ್ಚಿಗೆ ಸೇರಿಸಿ, ದೊಡ್ಡ ಟೈರ್ ಹಾಕಿಸಿದ್ದೆ. ಶಿಡ್ಲಘಟ್ಟದಿಂದ ಚಿಂತಾಮಣಿ ಮಾರ್ಕೆಟ್‌ಗೆ ಲೋಡ್ ಹೊತ್ತು ಹೊರಟಾಗ ದಿಬ್ಬದಲ್ಲಿ ಎಂಜಿನ್ ಮಾತ್ರ ಕೂಗ್ತಿತ್ತು, ಗಾಡಿ ಮುಂದಕ್ಕೆ ಹೋಗ್ಲಿಲ್ಲ. ಸುಟ್ಟ ವಾಸನೆ ಬೇರೆ. ಹರಾಜು ತಪ್ಪಿತು.

ಹೆವಿ ಕ್ಲಚ್ ಹಾಕಿಸಿಬಿಡೋಣ ಅಂದೆ. ಮೆಕ್ಯಾನಿಕ್ ಅಣ್ಣ ಕೇಳಿದ್ದು ಒಂದೇ: "ಎಂಜಿನ್ ಪವರ್ ಏರಿಸಿದ್ದೀಯಾ, ಬರೀ ಲೋಡ್ ಏರಿಸಿದ್ದೀಯಾ?"

ಪ್ರಶ್ನೆ ಇರೋದೇ ಅಲ್ಲಿ. ಕ್ಲಚ್ ಹಿಡಿದಿಡಬೇಕಾದ್ದು ಎಂಜಿನ್ನಿನ ಟಾರ್ಕನ್ನು. ಲೋಡ್ ಜಾಸ್ತಿಯಾದರೆ, ಟೈರ್ ದೊಡ್ಡದಾದರೆ ಆ ಟಾರ್ಕ್ ಹೆಚ್ಚಲ್ಲ. ಆದರೆ ಗಾಡಿ ಎತ್ತುವಾಗ ಪ್ಲೇಟ್ ಹೆಚ್ಚು ಹೊತ್ತು ಜಾರಿ, ಕಾದು, ಬೇಗ ಸವೆಯುತ್ತೆ. ಅದಕ್ಕೆ ಕಂಪನಿಯ ಹೊಸ ಸೆಟ್, ಕಡಿಮೆ ಲೋಡ್ ಸಾಕು. ಹಾಫ್ ಕ್ಲಚ್‌ನಲ್ಲಿ ದಿಬ್ಬದ ಮೇಲೆ ಗಾಡಿ ನಿಲ್ಲಿಸೋ ಚಾಳಿ ನನಗೂ ಇತ್ತು, ಬಿಟ್ಟೆ.

ನೀವೇ ನೋಡಿ: ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 40 ಕಿ.ಮೀ. ವೇಗ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಜಿಗಿದು ವೇಗ ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಪದೇ ಪದೇ ಮಾಡಬೇಡಿ, ಇನ್ನಷ್ಟು ಸುಡುತ್ತೆ. ಪೆಡಲ್ ಫ್ರೀ ಪ್ಲೇ ಇದೆಯಾ, ಪ್ಲೇಟ್ ಮೇಲೆ ಆಯಿಲ್ ಸೋರಿದೆಯಾ ಅಂತಲೂ ಮೊದಲೇ ನೋಡಿಸಿ.

ಗೌರಿಬಿದನೂರಿನ ಗೆಳೆಯನ ಕಥೆ ಬೇರೆ. ಅವನು ಕಾರಿಗೆ ರೀಮ್ಯಾಪ್ ಮಾಡಿಸಿ ಟಾರ್ಕ್ ಏರಿಸಿದ್ದ. ಆಯಿಲ್ ಸೋರಿಕೆ ಇಲ್ಲದಿದ್ದರೂ ಕಂಪನಿಯ ಹೊಸ ಸೆಟ್ಟೇ ಜಾರಿತು. ಅವನಿಗೆ ಹೆವಿ ಪ್ರೆಶರ್ ಪ್ಲೇಟ್ ಬೇಕೇ ಬೇಕಿತ್ತು. ಈಗ ಪೆಡಲ್ ಗಟ್ಟಿ. ಚಿಕ್ಕಬಳ್ಳಾಪುರದ ಟ್ರಾಫಿಕ್‌ನಲ್ಲಿ ಎಡಗಾಲು ನೋವು ಅಂತಾನೆ.

ನಾನು ಕಂಪನಿ ಸೆಟ್ಟನ್ನೇ ಹಾಕಿಸಿದೆ, ಫ್ಲೈವೀಲ್ ಮುಖವನ್ನೂ ನೋಡಿಸಿದೆ. ಈಗ ಟ್ರಿಪ್‌ಗೆ ಹತ್ತು ಬಾಕ್ಸ್ ಕಮ್ಮಿ.