ಪೆಟ್ಟಿಗೆಯೊಳಗಣ ಸದ್ದು

ಮನೆಯ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕು ಬಂದ ದಿನ ಎಲ್ಲರಿಗೂ ಸಂಭ್ರಮ. ಹಳೆಯದರಲ್ಲಿ ಎಳ್ಳು ಹಾಕಲೂ ಎಡೆಯಿಲ್ಲದೆ, ಮಗಳ ಮದುವೆಯ ಚಿತ್ರಗಳನ್ನು ಅಳಿಸುವುದೇ, ಮಗನ ಪಾಠಗಳನ್ನು ಅಳಿಸುವುದೇ ಎಂಬ ಚರ್ಚೆ ತಿಂಗಳುಗಟ್ಟಲೆ ನಡೆದಿರುತ್ತದೆ. ಕಡೆಗೆ ಯಜಮಾನರು ಮನಸ್ಸು ಗಟ್ಟಿಮಾಡಿ, ನಾಲ್ಕು ಪಾಲು ಹೆಚ್ಚು ಸಾಮರ್ಥ್ಯದ ಡಿಸ್ಕನ್ನು ಕೊಂಡು ತಂದು ಹಳೆಯದರ ಪಕ್ಕದಲ್ಲಿಯೇ ಕೂಡಿಸುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲಸ ಸುಸೂತ್ರವಾಗಿ ಮುಗಿಯುತ್ತದೆ. ಆದರೆ ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಮೇಜಿನ ಕೆಳಗಿನಿಂದ ಒಂದು ಸದ್ದು ಕೇಳಿಬರುತ್ತದೆ: ಟಕ್... ಟಕ್... ಟಕ್. ನಿನ್ನೆಯವರೆಗೆ ಅದು ಇರಲಿಲ್ಲ.

ಇದು ಹೊಸ ಡಿಸ್ಕಿನ ಸಹಜವಾದ ಉಸಿರಾಟವೆ? ಹಳೆಯ ಡಿಸ್ಕಿನ ಕೊನೆಯ ಉಸಿರೆ? ಅಥವಾ ಡಿಸ್ಕಿಗೂ ಅದಕ್ಕೂ ಸಂಬಂಧವೇ ಇಲ್ಲವೆ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಆ ಪೆಟ್ಟಿಗೆಯಲ್ಲಿರುವುದು ಬರಿಯ ಲೆಕ್ಕಪತ್ರಗಳಲ್ಲ. ಅಗಲಿದ ಅಜ್ಜಿ ಹಾಡಿದ ಹಾಡಿನ ಮುದ್ರಣ, ಮಗುವಿನ ಮೊದಲ ಹೆಜ್ಜೆಯ ಚಲಚ್ಚಿತ್ರ, ಮತ್ತೆಲ್ಲಿಯೂ ಪ್ರತಿಯಿಲ್ಲದ ನೂರಾರು ನೆನಪುಗಳು ಅಲ್ಲಿವೆ. ಅಂಗಡಿಯಲ್ಲಿ ಇನ್ನೊಂದು ಡಿಸ್ಕು ಸಿಕ್ಕೀತು. ಅಜ್ಜಿಯ ಧ್ವನಿ ಸಿಕ್ಕೀತೆ?

ತಿರುಗುವ ತಟ್ಟೆ, ಹಾರುವ ಮುಳ್ಳು

ಸದ್ದಿನ ಅರ್ಥವನ್ನು ತಿಳಿಯಬೇಕಾದರೆ ಸದ್ದು ಮಾಡುವ ವಸ್ತುವಿನ ಪರಿಚಯವಿರಬೇಕು. ಹಾರ್ಡ್ ಡಿಸ್ಕಿನ ಮೂಲಪುರುಷ ಹುಟ್ಟಿದ್ದು 1956ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಐಬಿಎಂ ಸಂಸ್ಥೆ ಆ ವರ್ಷ ಹೊರತಂದ ‘ರಾಮ್ಯಾಕ್’ ಯಂತ್ರದ ಸಂಗ್ರಹದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರ ತೂಕ ಸುಮಾರು ಒಂದು ಟನ್. ಅಷ್ಟರಲ್ಲಿಯೂ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈಯಲ್ಲಿ ಹಿಡಿಯುವ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಾಲು ಅಡಗುತ್ತದೆ. ಆದರೂ ತತ್ತ್ವ ಬದಲಾಗಿಲ್ಲ.

ಗ್ರಾಮಫೋನನ್ನು ಕಂಡವರಿಗೆ ಇದರ ರಚನೆ ಸುಲಭವಾಗಿ ಮನಸ್ಸಿಗೆ ಬಂದೀತು. ಅಯಸ್ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗುತ್ತವೆ. ಎರಡನೆಯ ಲೆಕ್ಕದಲ್ಲಿ ಸೆಕೆಂಡಿಗೆ 120 ಸುತ್ತು. ತೋಳಿನ ತುದಿಯ ‘ಮುಳ್ಳು’ ಮಾತ್ರ ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರುಗಳಷ್ಟು ಮೇಲೆ ಗಾಳಿಯ ತೆಳುಪೊರೆಯಲ್ಲಿ ಅದು ತೇಲುತ್ತದೆ. ಮನುಷ್ಯನ ತಲೆಗೂದಲಿನ ದಪ್ಪವಾದರೋ ಹತ್ತಾರು ಸಾವಿರ ನ್ಯಾನೋಮೀಟರು! ಈ ತೋಳನ್ನು ಆಡಿಸುವ ತಂತಿಸುರುಳಿಗೆ ತಂತ್ರಜ್ಞರು ಇಟ್ಟಿರುವ ಹೆಸರು ‘ವಾಯ್ಸ್ ಕಾಯಿಲ್’, ಎಂದರೆ ಧ್ವನಿಸುರುಳಿ. ರೇಡಿಯೋದ ಧ್ವನಿವರ್ಧಕದಲ್ಲಿರುವುದೂ ಇದೇ ಬಗೆಯ ಏರ್ಪಾಡು. ಹಾಗಿದ್ದ ಮೇಲೆ ಡಿಸ್ಕು ಮೌನವ್ರತ ಹಿಡಿಯಬೇಕೆಂದು ಬಯಸುವುದೇ ತಪ್ಪು. ತಿರುಗುವಾಗಿನ ಗುಂಯ್‌ಗುಟ್ಟುವಿಕೆ, ತೋಳು ಚಲಿಸುವಾಗಿನ ಗರಗರ ಸದ್ದು ಇವೆರಡೂ ಆರೋಗ್ಯದ ಲಕ್ಷಣಗಳೇ.

ಅಂಜಬೇಕಾಗಿಲ್ಲದ ಸದ್ದುಗಳು

ಹೊಸ ಡಿಸ್ಕು ಹೆಚ್ಚು ಸಾಮರ್ಥ್ಯದ್ದಾದರೆ ಅದರಲ್ಲಿ ತಟ್ಟೆಗಳೂ ತೋಳುಗಳೂ ಹೆಚ್ಚಾಗಿರುವುದುಂಟು. 2013ರಿಂದ ಮಾರುಕಟ್ಟೆಗೆ ಬಂದ ಹೀಲಿಯಂ ತುಂಬಿದ ಡಿಸ್ಕುಗಳ ಮೊದಲ ಮಾದರಿಯಲ್ಲಿಯೇ 7 ತಟ್ಟೆಗಳಿದ್ದವು. ಭಾರವಾದ ತೋಳಿನ ಸಮೂಹ ಸರ್ರನೆ ಸರಿದಾಗ ಸದ್ದೂ ಭಾರವಾಗಿರುತ್ತದೆ. ಕೆಲವು ದೊಡ್ಡ ಡಿಸ್ಕುಗಳು ಕೆಲಸವಿಲ್ಲದೆ ಸುಮ್ಮನಿರುವಾಗಲೂ ಸುಮಾರು 5 ಸೆಕೆಂಡಿಗೊಮ್ಮೆ ತೋಳನ್ನು ಆಚೀಚೆ ಸರಿಸಿ ‘ಟಕ್’ ಎನ್ನುತ್ತವೆ. ಮುಳ್ಳು ಒಂದೇ ಕಡೆ ನಿಂತು ತಟ್ಟೆಯ ಮೇಲಣ ಲೇಪ ಸವೆಯದಿರಲೆಂದು ತಯಾರಕರೇ ಮಾಡಿಟ್ಟ ಏರ್ಪಾಡು ಅದು. ಗಡಿಯಾರದಂತೆ ತಾಳ ತಪ್ಪದೆ ಬರುವ ಇಂಥ ಸದ್ದು, ಕಡತಗಳೆಲ್ಲ ಸರಿಯಾಗಿ ತೆರೆಯುತ್ತಿದ್ದರೆ, ಸಾಮಾನ್ಯವಾಗಿ ನಿರಪಾಯಕಾರಿ.

ಎರಡು ಡಿಸ್ಕುಗಳು ಅಕ್ಕಪಕ್ಕದಲ್ಲಿದ್ದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ತಂಬೂರಿಯ ಎರಡು ತಂತಿಗಳ ಶ್ರುತಿ ಕೂದಲೆಳೆಯಷ್ಟು ಬೇರೆಯಾದಾಗ ನಾದ ಅಲೆಯಲೆಯಾಗಿ ಏರಿಳಿಯುವುದನ್ನು ಸಂಗೀತಗಾರರು ಬಲ್ಲರು. ಬಹುಮಟ್ಟಿಗೆ ಒಂದೇ ವೇಗದಲ್ಲಿ ತಿರುಗುವ ಎರಡು ಡಿಸ್ಕುಗಳೂ ಹಾಗೆಯೇ ‘ಊಂ... ಊಂ...’ ಎಂದು ಏರಿಳಿಯುತ್ತವೆ. ತಗಡಿನ ಪೆಟ್ಟಿಗೆ ವೀಣೆಯ ಬುರುಡೆಯಂತೆ ಅದನ್ನು ಹಿಗ್ಗಿಸುತ್ತದೆ. ಸ್ಕ್ರೂಗಳನ್ನೆಲ್ಲ ಸಮನಾಗಿ ಬಿಗಿಮಾಡಿ, ರಬ್ಬರಿನ ಬಿಲ್ಲೆಗಳನ್ನಿಟ್ಟು, ಎರಡರ ನಡುವೆ ಒಂದು ಗೂಡನ್ನು ಖಾಲಿ ಬಿಟ್ಟರೆ ಈ ಕಚೇರಿ ಬಹುಮಟ್ಟಿಗೆ ನಿಲ್ಲುತ್ತದೆ.

ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಹಾಕಿಸಿದವರೂ ಸದ್ದಿನ ದೂರು ಹೇಳುವುದುಂಟು. ಅಲ್ಲಿ ಹೆಚ್ಚಾಗಿ ಸದ್ದು ಮಾಡುವುದು ಜೊತೆಯಲ್ಲಿ ಉಳಿಸಿಕೊಂಡ ಹಳೆಯ ಡಿಸ್ಕು. ಮೊದಲು ವಿಂಡೋಸ್ ಅದರಲ್ಲಿಯೇ ಇದ್ದುದರಿಂದ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ. ಈಗ ವಿಂಡೋಸ್ ಎಸ್‌ಎಸ್‌ಡಿಗೆ ಹೋಗಿದೆ. 20 ನಿಮಿಷ ಯಾರೂ ಕರೆಯದಿದ್ದರೆ ಹಳೆಯ ಡಿಸ್ಕು ತೋಳನ್ನು ಮಡಿಸಿ ‘ಟಕ್’ ಎಂದು ಮಲಗುತ್ತದೆ, ಕರೆದಾಗ ‘ಸುಂಯ್’ ಎಂದು ಏಳುತ್ತದೆ. ಇದು ರೋಗವಲ್ಲ, ನಿವೃತ್ತರ ಹಗಲುನಿದ್ದೆ! ವಿದ್ಯುತ್ ಉಳಿತಾಯದ ಏರ್ಪಾಡಿನಲ್ಲಿ ಈ ಅವಧಿಯನ್ನು ಹೆಚ್ಚಿಸಿದರೆ ಸಾಕು.

ಎಚ್ಚರಿಕೆಯ ಗಂಟೆ

ಅಂಜಬೇಕಾದ ಸದ್ದುಗಳು ಎರಡು. ತಟ್ಟೆಯ ಮೇಲೆ ಮುಳ್ಳಿಗೆ ದಾರಿ ತೋರಿಸುವ ಗುರುತುಗಳನ್ನು ಕಾರ್ಖಾನೆಯಲ್ಲಿಯೇ ಬರೆದಿರುತ್ತಾರೆ. ಅವನ್ನು ಓದಲಾಗದಿದ್ದರೆ ತೋಳು ಕುರುಡನಂತೆ ತಡವರಿಸಿ, ಹಿಂದಕ್ಕೆ ಬಂದು ತಡೆಗೆ ಬಡಿದು, ಮತ್ತೆ ಪ್ರಯತ್ನಿಸುತ್ತದೆ. ಟಕ್ ಟಕ್ ಎಂದು ನಾಲ್ಕಾರು ಬಾರಿ ಬಡಿದು, ತಿರುಗುವಿಕೆ ನಿಂತು, ಮತ್ತೆ ಮೊದಲಾಗುವ ಸದ್ದು ಇದೇ. ಎರಡನೆಯದು ಕಲ್ಲಿನ ಮೇಲೆ ಲೋಹವನ್ನು ಕೆರೆದಂಥ ಕರ್ಕಶಧ್ವನಿ: ಮುಳ್ಳು ತಟ್ಟೆಯನ್ನು ಮುಟ್ಟಿದೆಯೆಂದು ಅದರ ಅರ್ಥ. ಪ್ರತಿಯೊಂದು ಸುತ್ತಿನಲ್ಲಿಯೂ ನೆನಪುಗಳು ಪುಡಿಯಾಗುತ್ತಿರುತ್ತವೆ. ಆಗ ಕ್ಷಣವೂ ತಡೆಯದೆ ಯಂತ್ರವನ್ನು ಆರಿಸಿ, ಧೂಳುರಹಿತ ಕೊಠಡಿಯುಳ್ಳ ದತ್ತಾಂಶ ಮರುಪಡೆಯುವ ತಜ್ಞರ ಬಳಿಗೆ ಒಯ್ಯಬೇಕು. ಮನೆಯಲ್ಲಿ ಮುಚ್ಚಳ ಬಿಚ್ಚುವುದು, ತಟ್ಟುವುದು, ಕೆಲವರು ಹೇಳುವಂತೆ ಫ್ರಿಜ್ಜಿನಲ್ಲಿಡುವುದು ಇವು ಯಾವುವೂ ಸಲ್ಲವು. ತಣ್ಣಗಾದ ತಟ್ಟೆಯ ಮೇಲೆ ತೇವ ಕೂತರೆ ಉಳಿದ ಆಸೆಯೂ ಹೋದಂತೆಯೇ.

ಮೊದಲು ನಕಲು, ಆಮೇಲೆ ತನಿಖೆ

ಮಿಕ್ಕ ಸಂದರ್ಭಗಳಲ್ಲಿ ಸದ್ದಿನ ಕಾರಣವನ್ನು ಹುಡುಕುವ ಕುತೂಹಲವನ್ನು ತುಸು ತಡೆಹಿಡಿಯಬೇಕು. ಡಿಸ್ಕು ಇನ್ನೂ ಓದುತ್ತಿರುವಾಗಲೇ, ಮತ್ತೆ ದೊರೆಯಲಾರದ ಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ಮೊದಲು ನಕಲು ಮಾಡಬೇಕು. ಸಿನಿಮಾಗಳ ಸರದಿ ಆಮೇಲೆ. ದೋಷ ಹೊಸದರಲ್ಲಿದೆಯೋ ಹಳೆಯದರಲ್ಲಿದೆಯೋ ತಿಳಿಯದಾಗ ನಕಲನ್ನು ಹೊರಗಿನ ಮೂರನೆಯ ಡಿಸ್ಕಿಗೆ ಮಾಡುವುದು ಜಾಣತನ.

ಅನಂತರ ತನಿಖೆ. ಕಂಪ್ಯೂಟರನ್ನು ಆರಿಸಿ, ಗೋಡೆಯಿಂದ ವಿದ್ಯುತ್ತನ್ನು ಕಳಚಿ, ಒಂದು ಡಿಸ್ಕಿನ ತಂತಿಯನ್ನು ಬಿಡಿಸಿ ಮತ್ತೆ ಹಚ್ಚಿ ಕೇಳಬೇಕು. ಬಳಿಕ ಇನ್ನೊಂದರದು. ವಿಂಡೋಸ್ ಇರುವ ಡಿಸ್ಕನ್ನು ಬಿಡಿಸಿದಾಗ ಪರದೆಯ ಮೇಲೆ ದೂರು ಬಂದರೂ ಸದ್ದನ್ನು ಕೇಳಲು ಅಡ್ಡಿಯಿಲ್ಲ. ಎರಡನ್ನೂ ಬಿಡಿಸಿದ ಮೇಲೂ ಸದ್ದು ಬರುತ್ತಿದ್ದರೆ ಅಪರಾಧಿ ಡಿಸ್ಕಲ್ಲ. ಕೆಲಸದ ಗಡಿಬಿಡಿಯಲ್ಲಿ ಜಾರಿದ ತಂತಿಯೊಂದು ಫ್ಯಾನಿನ ರೆಕ್ಕೆಗೆ ತಗಲುತ್ತಿರಬಹುದು. ವಿದ್ಯುತ್ತಿನ ಕೊರತೆಯನ್ನೂ ಮರೆಯಬಾರದು. 3.5 ಅಂಗುಲದ ಡಿಸ್ಕು ನಿಂತಲ್ಲಿಂದ ತಿರುಗತೊಡಗುವಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಸೆಳೆಯಬಹುದು. ಒಂದೇ ತಂತಿಯನ್ನು ಕವಲೊಡೆಸಿ ಎರಡಕ್ಕೂ ಉಣಿಸಿದರೆ ಡಿಸ್ಕು ಏಳಲಾರದೆ ಎದ್ದು, ಬಿದ್ದು, ಮತ್ತೆ ಏಳುತ್ತದೆ. ಬೇರೆ ತಂತಿ ಕೊಟ್ಟಾಗ ಸದ್ದು ನಿಂತರೆ ಡಿಸ್ಕು ನಿರ್ದೋಷಿ.

ಡಿಸ್ಕು ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಡುತ್ತದೆ. ಅದರ ಹೆಸರು ‘ಸ್ಮಾರ್ಟ್’. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಿಂದ ಅದನ್ನು ಓದಬಹುದು. ಕೆಟ್ಟ ಜಾಗಕ್ಕೆ ಬದಲಾಗಿ ಮೀಸಲು ಜಾಗ ಬಳಸಿದ ಲೆಕ್ಕ, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳ ಲೆಕ್ಕ, ಇವೆರಡೂ ಸೊನ್ನೆಯಾಗಿದ್ದರೆ ಸಮಾಧಾನ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕನ್ನು ಬದಲಿಸಬೇಕು. ಆದರೂ ಈ ಜಾತಕವನ್ನೇ ಪೂರ್ತಿಯಾಗಿ ನಂಬುವಂತಿಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಉಳಿದವುಗಳಿಗಿಂತ 39 ಪಾಲು ಹೆಚ್ಚು. ಅದೇ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರದೆಯೇ ಕೆಟ್ಟಿದ್ದವು.

ಡಿಸ್ಕಿಗೂ ಕಿವಿಯುಂಟು

ಡಿಸ್ಕು ಸದ್ದು ಮಾಡುವುದಷ್ಟೇ ಅಲ್ಲ, ಸದ್ದಿಗೆ ಬೆದರುವುದೂ ಉಂಟು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಅವರು 2008ರಲ್ಲಿ ಡಿಸ್ಕುಗಳ ಸಾಲಿನೆದುರು ನಿಂತು ಗಟ್ಟಿಯಾಗಿ ಕೂಗಿದಾಗ ಅವುಗಳ ಕೆಲಸ ತಡವಾದುದು ನಕ್ಷೆಯಲ್ಲಿ ಕಂಡಿತು. ರುಮೇನಿಯದ ಬುಖಾರೆಸ್ಟ್‌ನಲ್ಲಿ 2016ರಲ್ಲಿ ಬ್ಯಾಂಕೊಂದರವರು ಬೆಂಕಿ ನಂದಿಸುವ ಅನಿಲವನ್ನು ಪರೀಕ್ಷೆಗಾಗಿ ಬಿಟ್ಟಾಗ ಹೊರಟ ಭಾರಿ ಸದ್ದಿಗೇ ಡಿಸ್ಕುಗಳು ಕೆಟ್ಟು, ಗಂಟೆಗಟ್ಟಲೆ ವ್ಯವಹಾರ ನಿಂತಿತು. ಜಾನೆಟ್ ಜಾಕ್ಸನ್ ಅವರ ಹಾಡೊಂದನ್ನು ನುಡಿಸಿದರೆ ಹಿಂದೆ ಕೆಲವು ಲ್ಯಾಪ್‌ಟಾಪುಗಳು ಸ್ತಬ್ಧವಾಗುತ್ತಿದ್ದ ಸಂಗತಿಯನ್ನು ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2022ರಲ್ಲಿ ಬರೆದರು. ಹಾಡಿನ ಸ್ವರವೊಂದು ಡಿಸ್ಕಿನ ಸಹಜ ಕಂಪನಕ್ಕೆ ಸರಿಹೊಂದುತ್ತಿತ್ತು! ಸದ್ದುಗದ್ದಲದ ಧ್ವನಿವರ್ಧಕವನ್ನು ಪೆಟ್ಟಿಗೆಯ ಮೇಲೆಯೇ ಇಡುವವರು ಇದನ್ನು ನೆನೆಯುವುದು ಒಳ್ಳೆಯದು.

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೆಂಬ ಮಾತಿದೆ. ಡಿಸ್ಕಿನ ವಿಷಯದಲ್ಲಿ ಹಾಗಾಗಲು ಬಿಡಬಾರದು. ಹೊಸದು ಬಂದ ದಿನವೇ ಹಳೆಯದನ್ನು ಅಳಿಸದೆ ಕೆಲವು ವಾರ ಕಾಯಬೇಕು. ಅಮೂಲ್ಯವಾದುದಕ್ಕೆ ಮೂರು ಪ್ರತಿಗಳಿರಬೇಕು. ಅವುಗಳಲ್ಲಿ ಒಂದು ಬೇರೊಂದು ಮನೆಯಲ್ಲಿರಬೇಕು. ಹಾಗೆ ಮಾಡಿಟ್ಟವರ ಮನೆಯಲ್ಲಿ ನಡುರಾತ್ರಿಯ ಆ ಸದ್ದು ಸಡಿಲವಾದ ಸ್ಕ್ರೂವಿನದೇ ಆಗಲಿ, ಸಾಯುತ್ತಿರುವ ಡಿಸ್ಕಿನದೇ ಆಗಲಿ, ನಷ್ಟ ಹಣದ್ದು ಮಾತ್ರ. ಅಜ್ಜಿಯ ಹಾಡು ಮರುದಿನವೂ ಕೇಳಿಸುತ್ತದೆ.