ಮನೆ ಅಲ್ಲೇ ಇದೆ, ತಾಲ್ಲೂಕು ಬದಲಾಯಿತು

ಗಜೇಂದ್ರಗಡದಲ್ಲಿ ಅಜ್ಜ, ಅವ್ವ, ಮೊಮ್ಮಗ ಒಂದೇ ಮನೆಯಲ್ಲಿ ಇದ್ದಾರೆ ಎಂದುಕೊಳ್ಳಿ. ಮೂವರ ಶಾಲೆಯ ದಾಖಲಾತಿ ಕಾಗದಗಳನ್ನು ಟ್ರಂಕಿನಿಂದ ತೆಗೆದು ಒಂದರ ಪಕ್ಕ ಒಂದು ಇಡಿ. ಅಜ್ಜನ ಕಾಗದದಲ್ಲಿ 'ರೋಣ ತಾಲ್ಲೂಕು, ಧಾರವಾಡ ಜಿಲ್ಲೆ' ಎಂದಿರುತ್ತದೆ. ಅವ್ವ ಶಾಲೆ ಬಿಟ್ಟದ್ದು 1997ರ ನಂತರವಾದರೆ 'ರೋಣ ತಾಲ್ಲೂಕು, ಗದಗ ಜಿಲ್ಲೆ'. ಮೊಮ್ಮಗನದು 'ಗಜೇಂದ್ರಗಡ ತಾಲ್ಲೂಕು, ಗದಗ ಜಿಲ್ಲೆ'. ಮನೆ ಮಾತ್ರ ಒಂದು ಗೇಣೂ ಸರಿದಿಲ್ಲ!

ಹಾಗಾದರೆ ಸರಿದದ್ದು ಏನು? ಒಂದು ಕಾಗದ. ಅದಕ್ಕೆ ಸರ್ಕಾರಿ ಆದೇಶ ಎನ್ನುತ್ತಾರೆ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಜಿಲ್ಲೆಗಳಾದವು. 2018ರಲ್ಲಿ ರಾಜ್ಯದಾದ್ಯಂತ ಹೊಸ ತಾಲ್ಲೂಕುಗಳು ಬಂದಾಗ ಗಜೇಂದ್ರಗಡವೂ ರೋಣದಿಂದ ಬೇರೆಯಾಯಿತು. ಇದಕ್ಕಾಗಿ ಪ್ರತಿ ಸಲ ವಿಧಾನಸಭೆಯಲ್ಲಿ ಹೊಸ ಕಾಯ್ದೆ ಬೇಕಾಗುವುದಿಲ್ಲ. 1964ರ ಭೂಕಂದಾಯ ಕಾಯ್ದೆಯೇ ಆ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಉತಾರ ತರಲು, ತಹಶೀಲ್ದಾರರನ್ನು ಕಾಣಲು ರೋಣದ ಬಸ್ಸಿಗೆ ಕಾಯುತ್ತಿದ್ದ ಹಿರಿಯರಿಗೆ ಆ ಕಾಗದದ ಬೆಲೆ ಗೊತ್ತು.

ಆದರೆ ಎಲ್ಲ ಆದೇಶಗಳೂ ಹೀಗೆ ಒಳ್ಳೆಯದನ್ನೇ ತರುವುದಿಲ್ಲ. ಅದನ್ನು ತಿಳಿಯಲು ನಾವು ನರಗುಂದಕ್ಕೆ ಹೋಗಬೇಕು.

ನರಗುಂದದ ಗುಡ್ಡವನ್ನು ನೀವು ಬಸ್ಸಿನ ಕಿಟಕಿಯಿಂದಾದರೂ ನೋಡಿರುತ್ತೀರಿ. ಅದರ ಮೇಲೆ ಕೋಟೆ ಇತ್ತು. ಅಲ್ಲಿ ಆಳುತ್ತಿದ್ದವರು ಭಾವೆ ಮನೆತನದ ಭಾಸ್ಕರರಾವ್, ಜನರ ಬಾಯಲ್ಲಿ ಬಾಬಾಸಾಹೇಬ. ಪುಸ್ತಕ ಎಂದರೆ ಅವರಿಗೆ ಪ್ರಾಣ. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದರು. ಆದರೆ ಅವರಿಗೆ ವಾರಸುದಾರನಾಗಿ ಮಗನಿರಲಿಲ್ಲ. ದತ್ತು ತೆಗೆದುಕೊಳ್ಳಲು ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ಕೇಳಿದರು. ಕಂಪನಿ ಒಪ್ಪಲಿಲ್ಲ.

ಯಾಕೆ ಒಪ್ಪಲಿಲ್ಲ? ಆಗ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಒಂದು ನೀತಿಯನ್ನು ಗಟ್ಟಿಯಾಗಿ ಹಿಡಿದಿದ್ದ. ಗಂಡು ಸಂತಾನವಿಲ್ಲದೆ ರಾಜ ಸತ್ತರೆ, ದತ್ತುಮಗನಿಗೆ ಹಕ್ಕಿಲ್ಲ, ರಾಜ್ಯ ಕಂಪನಿಗೆ. ಸಾತಾರಾ, ಝಾನ್ಸಿ, ನಾಗಪುರ ಹೀಗೆಯೇ ಹೋದವು. ಅದಕ್ಕೂ ಮೊದಲು, 1824ರಲ್ಲಿ, ನಮ್ಮ ಕಿತ್ತೂರಿನ ದತ್ತಕದ ಮೇಲೂ ಇದೇ ತಕರಾರು ಎದ್ದಿತ್ತು. ಚೆನ್ನಮ್ಮ ಕತ್ತಿ ಹಿಡಿದದ್ದು ಆ ಕಾರಣಕ್ಕೇ. ಜನರನ್ನು ಕೇಳಿದವರಿಲ್ಲ, ರಾಜರನ್ನೂ ಕೇಳಿದವರಿಲ್ಲ. ಕಲ್ಕತ್ತೆಯಲ್ಲಿ ಬರೆದರೆ ಇಲ್ಲಿ ಮನೆ ದೀಪ ಆರುತ್ತಿತ್ತು.

ಅದರ ಮೇಲೆ 1857ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಆಯುಧಗಳನ್ನೆಲ್ಲ ಒಪ್ಪಿಸಬೇಕು ಎಂಬ ಕಾಯ್ದೆ ಬಂತು. ಮುಧೋಳದ ಕಡೆಯ ಹಲಗಲಿ ಬೇಡರು ಅದನ್ನು ಒಪ್ಪದೆ ಹೋರಾಡಿ ಮಡಿದರು. ನರಗುಂದದ ಬಾಬಾಸಾಹೇಬರಿಗೂ ತೋಪುಗಳನ್ನು ಒಪ್ಪಿಸುವಂತೆ ಒತ್ತಾಯ ಬಂತು.

1858ರ ಮೇ 29ರ ರಾತ್ರಿ. ಕಂಪನಿಯ ರಾಜಕೀಯ ಏಜೆಂಟ್ ಮ್ಯಾನ್ಸನ್ ನರಗುಂದದ ದಾರಿಯಲ್ಲಿ ಸುರೇಬಾನದಲ್ಲಿ ತಂಗಿದ್ದ. ಬಾಬಾಸಾಹೇಬರ ಪಡೆ ಅಲ್ಲಿಗೇ ನುಗ್ಗಿ ಅವನನ್ನು ಕೊಂದಿತು. ಮೂರು ದಿನ ಕಳೆಯುವುದರೊಳಗೆ ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದಕ್ಕೆ ಬಂತು. ಕೋಟೆ ಬಿತ್ತು. ಬಾಬಾಸಾಹೇಬರು ತಪ್ಪಿಸಿಕೊಂಡು ಹೋದರೂ ಬೇಗನೆ ಸಿಕ್ಕಿಬಿದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಸಂಸ್ಥಾನ ಕಂಪನಿಯ ಪಾಲಾಯಿತು.

ಇನ್ನು ಮುಂದಿನದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಸಂಕಟ. ಅದೇ ವರ್ಷ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ಕಂಪನಿಯ ಆಳ್ವಿಕೆ ಮುಗಿಯಿತು, ಹೊಸ ಪ್ರಾಂತ್ಯ ಕಬಳಿಸುವುದಿಲ್ಲ ಎಂಬ ಮಾತೂ ಬಂತು. ಮುಂದೆ ಕ್ಯಾನಿಂಗ್ ಅರಸರಿಗೆ ದತ್ತು ಪಡೆಯುವ ಹಕ್ಕಿನ ಸನದುಗಳನ್ನೇ ಕೊಟ್ಟ. ಬಾಬಾಸಾಹೇಬರು ಕೇಳಿದ್ದು ಅಷ್ಟೇ ತಾನೆ! ನೆರೆಯ ರಾಮದುರ್ಗದಲ್ಲಿ ಆಳುತ್ತಿದ್ದವರೂ ಅದೇ ಭಾವೆ ಮನೆತನದವರು. ಅವರ ಸಂಸ್ಥಾನ 1948ರವರೆಗೂ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ಇಂಥ ಒಂಟಿ ಕಾಗದದ ಆಟ ನಿಂತಿತೇ? ಪೂರ್ತಿ ನಿಲ್ಲಲಿಲ್ಲ. ಆದರೆ ಅದಕ್ಕೆ ಮೂಗುದಾರ ಬಿತ್ತು.

ಮಕ್ಕಳೇ, 'ಸುಗ್ರೀವಾಜ್ಞೆ' ಎಂಬ ಪದವನ್ನು ರೇಡಿಯೋದಲ್ಲಿ ಕೇಳಿದ್ದೀರಾ? ಸೀತೆಯನ್ನು ಒಂದು ತಿಂಗಳಲ್ಲಿ ಹುಡುಕಿ ಬನ್ನಿ, ಇಲ್ಲದಿದ್ದರೆ ತಲೆ ಉಳಿಯದು ಎಂದು ಸುಗ್ರೀವ ವಾನರರಿಗೆ ಆಜ್ಞೆ ಮಾಡಿದನಲ್ಲ, ಅದರಿಂದ ಬಂದ ಮಾತು. ಅವನ ಕಿಷ್ಕಿಂಧೆ ಎಂದು ಹೇಳುವ ಆನೆಗೊಂದಿ ಇರುವುದು ಗಜೇಂದ್ರಗಡದ ನೆರೆಯ ಕೊಪ್ಪಳ ಜಿಲ್ಲೆಯಲ್ಲೇ. ಸಂಸತ್ತು ಸೇರಿಲ್ಲದಾಗ ತುರ್ತಾಗಿ ಕಾನೂನು ಬೇಕಾದರೆ ರಾಷ್ಟ್ರಪತಿಯವರು ಹೊರಡಿಸುವುದು ಈ ಸುಗ್ರೀವಾಜ್ಞೆ. ರಾಜ್ಯದಲ್ಲಿ ರಾಜ್ಯಪಾಲರು. ಸುಗ್ರೀವನದಕ್ಕೆ ಒಂದು ತಿಂಗಳ ಗಡುವಾದರೆ ಇದಕ್ಕೂ ಗಡುವಿದೆ: ಸಂಸತ್ತು ಮತ್ತೆ ಸೇರಿದ ಆರು ವಾರದೊಳಗೆ ಅದು ಒಪ್ಪದಿದ್ದರೆ ಆಜ್ಞೆ ತಾನಾಗಿ ಬಿದ್ದುಹೋಗುತ್ತದೆ. ಇನ್ನೊಂದು ಮಾತು. ಅಮೆರಿಕದ ಅಧ್ಯಕ್ಷರು ತಮ್ಮದೇ ನಿರ್ಧಾರದಿಂದ ಆದೇಶ ಹೊರಡಿಸಬಹುದು. ನಮ್ಮ ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು.

1969ರ ಜುಲೈ 19 ಅಜ್ಜಂದಿರಿಗೆ ನೆನಪಿದ್ದೀತು. 14 ಬ್ಯಾಂಕುಗಳು ಒಂದೇ ದಿನ ಸರ್ಕಾರದ ಕೈಗೆ ಬಂದವು. ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಕೂಡ ಅದರಲ್ಲಿದ್ದವು. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದವರು ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ.

ಮರುವರ್ಷ ಅದೇ ಗಿರಿಯವರ ಇನ್ನೊಂದು ಸಹಿ ರಾಜರ ಮನೆಗಳನ್ನು ತಲುಪಿತು. ಸಂಸ್ಥಾನ ಬಿಟ್ಟುಕೊಟ್ಟ ಅರಸರಿಗೆ ಸರ್ಕಾರ ವರ್ಷಕ್ಕಿಷ್ಟು ಎಂದು ರಾಜಧನ ಕೊಡುತ್ತಿತ್ತು. ಅದನ್ನು ನಿಲ್ಲಿಸುವ ಮಸೂದೆ 1970ರಲ್ಲಿ ಲೋಕಸಭೆಯಲ್ಲಿ ಗೆದ್ದಿತು. ರಾಜ್ಯಸಭೆಯಲ್ಲಿ ಪರವಾಗಿ 149 ಮತ, ವಿರುದ್ಧ 75. ಮೂರರಲ್ಲಿ ಎರಡು ಪಾಲು ಬೇಕಿತ್ತು. ಎಲ್ಲಿ, ಒಂದು ಲೆಕ್ಕ ಮಾಡಿ ನೋಡೋಣ: ಒಟ್ಟು 224, ಅದರ ಮೂರರಲ್ಲಿ ಎರಡು ಪಾಲು 149.33. ಒಂದು ಮತದ ಮೂರನೇ ಒಂದು ಭಾಗದಿಂದ ಮಸೂದೆ ಸೋತಿತು! ಸರ್ಕಾರ ಸುಮ್ಮನಿರಲಿಲ್ಲ. ಮರುದಿನವೇ, ಸೆಪ್ಟೆಂಬರ್ 6ರಂದು, ರಾಷ್ಟ್ರಪತಿಯವರ ಆದೇಶದಿಂದ ಎಲ್ಲ ಅರಸರ ಮಾನ್ಯತೆಯನ್ನೇ ರದ್ದು ಮಾಡಿಸಿತು. ರಾಜರೇ ಇಲ್ಲದ ಮೇಲೆ ರಾಜಧನ ಎಲ್ಲಿಂದ, ಎಂಬ ಲೆಕ್ಕ.

ಆದರೆ ಈ ಸಲ ಯಾರೂ ಕೋಟೆ ಏರಿ ತೋಪು ಹಾರಿಸಲಿಲ್ಲ. ಅರಸರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಡಿಸೆಂಬರ್ 15ರಂದು ತೀರ್ಪು ಬಂತು: ಆದೇಶ ಸಂವಿಧಾನಕ್ಕೆ ಒಪ್ಪುವುದಿಲ್ಲ, ನಡೆಯದು. ರಾಜಧನ ಉಳಿಯಬೇಕಿತ್ತು ಎಂದು ನಾನು ಹೇಳುವುದಿಲ್ಲ. ಬಡ ದೇಶಕ್ಕೆ ಅದು ಭಾರವೇ ಆಗಿತ್ತು. ಆದರೆ ಸಭೆಯಲ್ಲಿ ಸೋತದ್ದನ್ನು ಸಹಿಯಿಂದ ಗೆಲ್ಲಲು ಹೊರಟದ್ದು ಸರಿಯಲ್ಲ. ಸರ್ಕಾರ ಚುನಾವಣೆಗೆ ಹೋಯಿತು, ಗೆದ್ದಿತು. 1971ರ ಡಿಸೆಂಬರ್‌ನಲ್ಲಿ ಸಂವಿಧಾನದ 26ನೇ ತಿದ್ದುಪಡಿಯಿಂದ, ಎರಡೂ ಸದನಗಳ ಒಪ್ಪಿಗೆ ಪಡೆದೇ, ರಾಜಧನ ನಿಂತಿತು.

ನಿಮ್ಮ ಊರಿನ ಪಂಚಾಯ್ತಿಯಲ್ಲೋ ಶಾಲೆಯಲ್ಲೋ ಒಂದು ಸರ್ಕಾರಿ ಆದೇಶ ಕೈಗೆ ಸಿಕ್ಕರೆ ಕೊನೆಯ ಸಾಲುಗಳನ್ನು ಓದಿ. 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂದಿರುತ್ತದೆ. ಕೆಳಗಿನ ಸಹಿ ಮಾತ್ರ ರಾಜ್ಯಪಾಲರದಲ್ಲ, ಇಲಾಖೆಯ ಒಬ್ಬ ಅಧಿಕಾರಿಯದು. ಮೇಲುಗಡೆ ಯಾವ ಕಾಯ್ದೆಯ ಯಾವ ಕಲಮಿನ ಪ್ರಕಾರ ಎಂದು ಬರೆದಿದ್ದಾರೋ ಹುಡುಕಿ. ಅಜ್ಜನ ಕನ್ನಡಕ ಪಕ್ಕದಲ್ಲಿರಲಿ, ಅಕ್ಷರ ಸಣ್ಣದಿರುತ್ತದೆ.